ಕಸಕ್ಕೆ ಯಾಕೆ ಕಾಸು?

"ಕಸ ನಮ್ದು, ಬೀದಿ ನಮ್ದು. ಕಾಸು ಯಾಕಣ್ಣಾ ಕೊಡಬೇಕು?" ನಮ್ಮ ಕಡೆ ಅರಳಿಕಟ್ಟೆ ಮೇಲೆ ಈ ಮಾತು ಮತ್ತೆ ಮತ್ತೆ ಬರ್ತದೆ. ಕೇಳೋರಲ್ಲಿ ಕೋಪವೂ ಇದೆ, ನ್ಯಾಯವೂ ಇದೆ. ಕೂತು ಉತ್ತರ ಹೇಳೋರು ಮಾತ್ರ ಕಡಿಮೆ. ನಾನು ಏಳನೇ ಕ್ಲಾಸು ಓದಿದ ರೈತ, ತತ್ವಪದ ಹಾಡೋನು. ಕಾನೂನು ಪುಸ್ತಕ ನನಗೆ ದೂರ. ಆದರೆ ಹಾಡೋರಿಗೆ ಒಂದು ಅಭ್ಯಾಸ ಇರ್ತದೆ: ಪದ ಏನು ಹೇಳ್ತದೆ, ಏನನ್ನು ಹೇಳದೆ ಬಿಡ್ತದೆ ಅಂತ ನೋಡೋದು. ಕಸದ ಶುಲ್ಕವನ್ನೂ ಹಾಗೇ ನೋಡಿ ನಾಲ್ಕು ಮಾತು ಬರೀತಿದ್ದೀನಿ.

ಮೊದಲು ಹೆಸರು. ನಮ್ಮ ಆಂಧ್ರದ ಪಂಚಾಯಿತಿಗಳಲ್ಲಿ ಕಟ್ಟಿದ ಕಸದ ಷೆಡ್ಡಿಗೆ ತೆಲುಗಿನಲ್ಲಿ 'ಚೆತ್ತ ನುಂಡಿ ಸಂಪದ ತಯಾರೀ ಕೇಂದ್ರಂ' ಅಂತಾರೆ. ಅಂದರೆ ಕಸದಿಂದ ಸಂಪತ್ತು ಮಾಡುವ ಜಾಗ. ಗಡಿ ದಾಟಿದರೆ ಕರ್ನಾಟಕದ ಪಂಚಾಯಿತಿಗಳಲ್ಲಿ ಇಂಥದ್ದಕ್ಕೇ 'ಸ್ವಚ್ಛ ಸಂಕೀರ್ಣ' ಅಂತ ಹೆಸರು. ನಮ್ಮ ಹೆಸರು ಕೇಳೋಕೆ ಚೆನ್ನಾಗಿದೆ, ತೊಂದರೆ ಇರೋದೂ ಅದರಲ್ಲೇ. ಗೋಡೆ ಮೇಲೆ ಸಂಪತ್ತು ಅಂತ ಬರೆದು, ಮನೆ ಮುಂದೆ ಬಂದು ಕಾಸು ಕೇಳಿದರೆ ಜನ ಏನಂದುಕೊಳ್ಳಬೇಕು? "ಸಂಪತ್ತು ನಿಮಗೆ, ಖರ್ಚು ನಮಗಾ?" ಅಂತಾರೆ. ಹಾಗನ್ನೋದು ತಪ್ಪಲ್ಲ. ಆ ಹೆಸರು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಯಾರೂ ಗೋಡೆ ಮೇಲೆ ಬರೆಯಲಿಲ್ಲ.

ನಮ್ಮ ಅಪ್ಪನ ಕಾಲಕ್ಕೆ ಆ ಹೆಸರು ಪೂರ್ತಿ ನಿಜ ಆಗ್ತಿತ್ತು. ಆಗ ಮನೆಯ ಕಸ ಅಂದರೆ ಸಗಣಿ, ಬೂದಿ, ಕಡಲೆಕಾಯಿ ಸಿಪ್ಪೆ, ದನ ತಿಂದು ಬಿಟ್ಟ ಮೇವು. ಎಲ್ಲಾ ತಿಪ್ಪೆಗೆ, ತಿಪ್ಪೆಯಿಂದ ಗಾಡಿಯಲ್ಲಿ ಹೊಲಕ್ಕೆ. ಹೊಲ ಅದನ್ನು ತಿಂದು ಬೆಳೆಯಾಗಿ ವಾಪಸ್ ಕೊಡ್ತಿತ್ತು, ಅದಕ್ಕೇ ತಿಪ್ಪೆಗೆ ಯಾರೂ ಶುಲ್ಕ ಕೇಳಲಿಲ್ಲ. ಈಗ ತಿಪ್ಪೆ ಕೆದಕಿದರೆ ಹಾಲಿನ ಪಾಕೀಟು, ಗುಟ್ಕಾ ಚೀಟಿ, ಶಾಂಪೂ ಚೀಟಿ, ಮಕ್ಕಳ ಕುರುಕಲು ತಿಂಡಿಯ ಕವರು, ಟೊಮೊಟೊ ಸಾಲಿಗೆ ಹಾಸಿ ಕಿತ್ತ ಮಲ್ಚಿಂಗ್ ಶೀಟು. ಇದನ್ನ ಹೊಲ ತಿನ್ನೋದಿಲ್ಲ. ಹಸು ತಿಂದರೆ ಹಸುವೇ ಹೋಗ್ತದೆ. ಹೊಲ ತಿನ್ನದ ಕಸ ನಮ್ಮ ಮನೆಗೆ ಬಂದಾಗಲೇ ಶುಲ್ಕದ ಮಾತೂ ಹಿಂದೆಯೇ ಬಂತು.

ಕೇಂದ್ರದೊಳಗೆ ಆಗುವ ಕೆಲಸ ಮೂರು ಬಗೆ. ಹಸಿ ಕಸವನ್ನು ತೊಟ್ಟಿಗೆ ಹಾಕಿ ಎರೆಹುಳು ಬಿಟ್ಟು ಗೊಬ್ಬರ ಮಾಡೋದು. ಒಣ ಕಸವನ್ನು ಬಗೆಬಗೆಯಾಗಿ ಆರಿಸಿ, ಮೂಟೆ ಕಟ್ಟಿ ಮಾರೋದು. ಮೂರನೆಯದು ಯಾರಿಗೂ ಬೇಡದ್ದು, ಅಪಾಯದ್ದು: ಮಕ್ಕಳ ಡೈಪರು, ಒಡೆದ ಟ್ಯೂಬ್‌ಲೈಟು, ಸೆಲ್ಲು, ಹಳೇ ಮಾತ್ರೆ, ಔಷಧಿ ಹೊಡೆದ ಡಬ್ಬ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸವನ್ನು ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅಂತಿತ್ತು. ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಬಳಕೆ ಶುಲ್ಕವನ್ನು ಕಸ ಹಾಕುವವರು ಕೊಡಬೇಕು ಅಂತಲೂ ಅದರಲ್ಲೇ ಇತ್ತು. ಆ ನಿಯಮ ಮುಖ್ಯವಾಗಿ ಪಟ್ಟಣಗಳಿಗೆಂದು ಮಾಡಿದ್ದು. ಆದರೂ ಹಳ್ಳಿಯ ಷೆಡ್ಡು ನಡೆಯೋದು ಅದೇ ದಾರಿಯಲ್ಲಿ.

ಈ ಮೂರರಲ್ಲಿ ದುಡ್ಡು ತರೋದು ಯಾವುದು? ಗೊಬ್ಬರ ಸ್ವಲ್ಪ ತರ್ತದೆ, ಅದೂ ಎರಡು ತಿಂಗಳ ಹತ್ತಿರ ಕಾದ ಮೇಲೆ. ಒಣ ಕಸದಲ್ಲಿ ಕಬ್ಬಿಣ, ರಟ್ಟು, ಗಟ್ಟಿ ಪ್ಲಾಸ್ಟಿಕ್ಕು ತರ್ತವೆ. ಆದರೆ ಒಂದು ಮಾತು ನಾವು ಒಪ್ಪಿಕೊಳ್ಳಬೇಕು. ಹಳೇ ತಗಡು, ಮುರಿದ ಬಿಂದಿಗೆ, ಡ್ರಿಪ್ ಪೈಪು, ದಿನಪತ್ರಿಕೆ, ಬಾಟಲಿ, ಇವು ಷೆಡ್ಡಿಗೆ ಹೋಗೋದೇ ಇಲ್ಲ. ಗುಜರಿಯವನು ಬೀದಿಗೆ ಬಂದಾಗ ನಾವೇ ತೂಕಕ್ಕೆ ಹಾಕ್ತೀವಿ. ಈರುಳ್ಳಿಗೋ ಪ್ಲಾಸ್ಟಿಕ್ ಬುಟ್ಟಿಗೋ ಬದಲು ಮಾಡ್ತೀವಿ. ಬೆಲೆ ಇರೋದನ್ನು ನಾವು ಮಾರಿಕೊಂಡು, ಬೆಲೆ ಇಲ್ಲದ್ದನ್ನು ಕೇಂದ್ರಕ್ಕೆ ಕಳಿಸಿ, ಆಮೇಲೆ "ಅವರಿಗೆ ಲಾಭ ಬರಲ್ವಾ?" ಅಂತ ಕೇಳೋದು ಹೇಗೆ ಸರಿ? ತುಪ್ಪ ತೆಗೆದಿಟ್ಟುಕೊಂಡು ಮಜ್ಜಿಗೆ ಕೊಟ್ಟು, ಇದರಲ್ಲಿ ಜಿಡ್ಡು ಎಲ್ಲಿ ಅಂದ ಹಾಗೆ. ಗುಜರಿಯವನಿಗೆ ಮಾರಬೇಡಿ ಅಂತ ನಾನು ಹೇಳ್ತಿಲ್ಲ. ಅದು ಬಡವರ ನಾಲ್ಕು ಕಾಸು. ಷೆಡ್ಡಿಗೆ ಬರೋದು ಖರ್ಚಿನ ಕಸ, ಲಾಭದ ಕಸ ಅಲ್ಲ ಅನ್ನೋದು ತಿಳಿದಿರಲಿ ಅಷ್ಟೆ.

ಒಂದು ಲೆಕ್ಕ ಹಾಕೋಣ. ಇದು ಯಾವ ಊರಿನ ಲೆಕ್ಕವೂ ಅಲ್ಲ, ಮಕ್ಕಳಿಗೆ ಮೇಷ್ಟ್ರು ಹಾಕಿಸೋ ಲೆಕ್ಕದ ಹಾಗೆ ಅಂದ್ಕೊಳ್ಳಿ. ಊರಲ್ಲಿ 500 ಮನೆ. ಮನೆಗೆ ತಿಂಗಳಿಗೆ 30 ರೂಪಾಯಿ. ಎಲ್ಲರೂ ಕೊಟ್ಟರೆ 15,000. ಇಬ್ಬರು ಕೆಲಸದವರಿಗೆ ತಲಾ 7,000 ಅಂದರೂ 14,000 ಆಯಿತು. ಉಳಿದ ಒಂದು ಸಾವಿರದಲ್ಲಿ ಗಾಡಿಯ ಪಂಚರು, ಪೊರಕೆ, ಕೈಗವಸು, ಸೋಪು, ಮಾರದ ಪ್ಲಾಸ್ಟಿಕ್ಕನ್ನು ದೂರ ಸಾಗಿಸೋ ಬಾಡಿಗೆ. ಇನ್ನೂರು ಮನೆಯವರು "ನಾಳೆ ಬಾ" ಅಂದರೆ ಕೈಗೆ ಬರೋದು 9,000. ಆಗ ನಿಲ್ಲೋದು ಯಾವುದು? ಕೆಲಸದವರ ಕೂಲಿ. ಆಂಧ್ರದಲ್ಲಿ ಹಳ್ಳಿಯ ಕಸ ಎತ್ತೋರಿಗೆ 'ಹರಿತ ರಾಯಬಾರಿ' ಅಂತ ದೊಡ್ಡ ಹೆಸರಿಟ್ಟರು. ಹಸಿರಿನ ದೂತರು ಅಂತ ಅರ್ಥ. ಆ ದೂತರು ಬಾಕಿ ಸಂಬಳ ಕೊಡಿ ಅಂತ ಕಚೇರಿ ಮುಂದೆ ಕೂತ ಸುದ್ದಿಯನ್ನೂ ನಾವು ಪೇಪರಿನಲ್ಲಿ ಓದಿದ್ದೀವಿ.

ಇನ್ನು ತೆರಿಗೆಗೂ ಶುಲ್ಕಕ್ಕೂ ಇರೋ ಅಂತರ. ತೆರಿಗೆ ಕೆರೆಗೆ ಸುರಿದ ನೀರು, ಯಾರ ಗದ್ದೆಗೆ ಹೋಯಿತು ಅಂತ ಕೇಳೋಕಾಗಲ್ಲ. ಶುಲ್ಕ ಕಾಲುವೆ ನೀರು, ಇಂಥ ಹೊಲಕ್ಕೆ ಅಂತ ಬಿಟ್ಟಿದ್ದು. ಇಂಥ ಕೆಲಸಕ್ಕೆ ಇಷ್ಟು ಅಂತ ತಗೊಂಡ ಮೇಲೆ ಆ ಕೆಲಸ ಆಗಲೇಬೇಕು. ನಮ್ಮ ರಾಜ್ಯದ ಪಟ್ಟಣಗಳಲ್ಲಿ 2021ರಲ್ಲಿ ಕ್ಲೀನ್ ಆಂಧ್ರಪ್ರದೇಶ್ ಕಾರ್ಯಕ್ರಮದ ಜೊತೆ ಮನೆ ಮನೆಗೆ ಶುಲ್ಕ ಹಾಕಿದರು. ದೊಡ್ಡ ನಗರಗಳಲ್ಲಿ ಮನೆಗೆ ತಿಂಗಳಿಗೆ 120 ರೂಪಾಯಿವರೆಗೂ ಇತ್ತು. ಸರ್ಕಾರ ಅದನ್ನು ಬಳಕೆ ಶುಲ್ಕ ಅಂದಿತು, ಜನ 'ಚೆತ್ತ ಪನ್ನು' ಅಂದರು. ಹೆಸರಿಡೋದರಲ್ಲಿ ಜನರೇ ಗೆದ್ದರು. ಯಾಕೆ ಅಂದರೆ ದುಡ್ಡು ತಗೊಂಡೋರು ಲೆಕ್ಕ ತೋರಿಸಲಿಲ್ಲ, ಲೆಕ್ಕ ಇಲ್ಲದ ಶುಲ್ಕ ತೆರಿಗೆಯೇ ತಾನೆ? 2024ರಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್ 2ರಂದು ಹೊಸ ಮುಖ್ಯಮಂತ್ರಿ ಚೆತ್ತ ಪನ್ನು ರದ್ದು ಅಂದರು. ಚಪ್ಪಾಳೆ ಬಿತ್ತು. ಹಾಕಿದ ರೀತಿಯನ್ನು ನಾನು ಒಪ್ಪಲ್ಲ. ತೆಗೆದಾಗ ಬಿದ್ದ ಚಪ್ಪಾಳೆಯನ್ನೂ ಪೂರ್ತಿ ಒಪ್ಪಲ್ಲ. ಪನ್ನು ರದ್ದಾದರೂ ಕಸ ರದ್ದಾಗಲಿಲ್ಲ. ಗಾಡಿಗೆ ಡೀಸೆಲ್ ಬೇಕೇ ಬೇಕು. ಆ ದುಡ್ಡು ಬೇರೆ ಯಾವ ಕೆಲಸದಿಂದ ಬರ್ತದೆ ಅಂತ ಆ ದಿನ ನಾವು ಕೇಳಬೇಕಿತ್ತು.

ಬೇರೆ ಕಡೆ ಹೇಗಿದೆ ನೋಡೋಣ. ನಮ್ಮ ಕಡೆಯ ಹುಡುಗರು ದುಡಿಯೋಕೆ ಹೋಗೋ ಬೆಂಗಳೂರಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಶುಲ್ಕ ಸೇರಿಸಿದರು. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಹಾಗೇ ಏರ್ತಾ ಹೋಗಿ 4,000 ಚದರಡಿ ದಾಟಿದರೆ 400. ದೊಡ್ಡ ಮನೆಗೆ ಹೆಚ್ಚು, ಚಿಕ್ಕ ಮನೆಗೆ ಕಡಿಮೆ. ಇದರಲ್ಲಿ ಒಂದು ನ್ಯಾಯ ಉಂಟು. ಕೊರತೆಯೂ ಉಂಟು. ಅಳೆದದ್ದು ಮನೆಯನ್ನು, ಕಸವನ್ನಲ್ಲ. ಬೇರೆ ಮಾಡಿ ಕೊಟ್ಟವನಿಗೂ, ಎಲ್ಲಾ ಕಲಸಿ ಎಸೆದವನಿಗೂ ಒಂದೇ ದರ. ದಕ್ಷಿಣ ಕೊರಿಯಾ ದೇಶದಲ್ಲಿ 1995ರಿಂದ ಬೇರೆ ದಾರಿ. ಅಲ್ಲಿ ಕಸ ಹಾಕೋ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು. ಮರುಬಳಕೆಗೆ ಬರೋದನ್ನು ಬೇರೆ ಮಾಡಿಟ್ಟರೆ ಅದಕ್ಕೆ ಆ ಚೀಲ ಬೇಡ. ಕಲಸಿದಷ್ಟೂ ಖರ್ಚು, ಬೇರೆ ಮಾಡಿದಷ್ಟೂ ಉಳಿತಾಯ. ಇದು ಯಾವ ಅಜ್ಜಿಗೂ ತಿಳಿಯೋ ಲೆಕ್ಕ.

ನಮ್ಮ ಹಾಗೇ ಗಡಿಯಾಚೆ ಉಳಿದ ಕನ್ನಡಿಗರ ಕಾಸರಗೋಡಿನಲ್ಲೂ ಒಂದು ಪಾಠ ಇದೆ. ಕೇರಳದಲ್ಲಿ ಕುಟುಂಬಶ್ರೀ ಹೆಂಗಸರ 'ಹರಿತ ಕರ್ಮ ಸೇನೆ' ಮನೆಗೆ ಬಂದು ಪ್ಲಾಸ್ಟಿಕ್ ತಗೊಂಡು ಹೋಗ್ತದೆ. ಪಂಚಾಯಿತಿಗಳಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ. ಆ ದುಡ್ಡು ಆ ಹೆಂಗಸರ ಕೂಲಿಗೇ ಸೇರ್ತದೆ. ಅಲ್ಲೂ ಕೊಡೋಕೆ ತಕರಾರು ಮಾಡಿದೋರು ಬಹಳ. ಆದರೆ ಅಲ್ಲಿ ಕೊಡೋರಿಗೆ, ತನ್ನ ಐವತ್ತು ರೂಪಾಯಿ ಯಾರ ಕೈಗೆ ಹೋಗ್ತದೆ ಅಂತ ಕಣ್ಣಿಗೆ ಕಾಣ್ತದೆ. ನಮ್ಮಲ್ಲಿ ಕಾಣೋದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹಿಂದೆ ನಮ್ಮ ಹಳ್ಳಿಗಳಲ್ಲಿ ಬೀದಿ ಗುಡಿಸೋಕೆ, ಸತ್ತ ದನ ಸಾಗಿಸೋಕೆ ಶುಲ್ಕ ಇರಲಿಲ್ಲ ಅಂತ ಹಿರಿಯರು ಹೆಮ್ಮೆಯಿಂದ ಹೇಳ್ತಾರೆ. ಶುಲ್ಕ ಇರಲಿಲ್ಲ, ನಿಜ. ಯಾಕೆ ಇರಲಿಲ್ಲ? ಆ ಕೆಲಸವನ್ನು ಒಂದು ಕೇರಿಯವರ ತಲೆಗೆ ಕಟ್ಟಿದ್ದೆವು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ಉಳಿದ ಕಾಳು ಕೊಟ್ಟು, ಹಬ್ಬಕ್ಕೆ ತಂಗಳು ಕೊಟ್ಟು, ಆಯ ಕೊಟ್ಟೆವು ಅಂತ ಅಂದುಕೊಂಡೆವು. ಬೆಲೆ ಕಟ್ಟಿದೋರು ಅವರು. ಇವತ್ತು ಕಾಸು ಯಾಕೆ ಅನ್ನೋ ಪ್ರಶ್ನೆಯ ಒಳಗೆ ಆ ಹಳೇ ಅಭ್ಯಾಸವೂ ಸ್ವಲ್ಪ ಕೂತಿದೆ ಅಂತ ನನ್ನ ಅನುಮಾನ. ಮದುವೆಯಲ್ಲಿ ಹಾಡಿದರೆ ನನಗೆ ಎಲೆ ಅಡಿಕೆ ಮೇಲೆ ದುಡ್ಡಿಟ್ಟು ಕೊಡ್ತಾರೆ. ಕಸ ಎತ್ತುವ ಹೆಣ್ಣುಮಗಳಿಗೆ ಮೂವತ್ತು ರೂಪಾಯಿ ಕೊಡೋವಾಗ ಅದೇ ಕೈ ಹಿಂದೆ ಸರೀತದೆ. ಅವಳ ಕೆಲಸ ನನ್ನ ಹಾಡಿಗಿಂತ ಕಡಿಮೆಯದಲ್ಲ.

ಯಾರೂ ಕೊಡದಿದ್ದರೆ ಬೆಲೆ ಮಾಯ ಆಗೋದಿಲ್ಲ, ಬೇರೆಯವರ ಮನೆಗೆ ಹೋಗ್ತದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಂಡೂರು ಅನ್ನೋ ಹಳ್ಳಿಯ ಪಕ್ಕ ಸುರಿದರು. ಆ ಊರಿನವರು ರಸ್ತೆಗೆ ಇಳಿದು ಹೋರಾಡಿ, 2014ರ ಕೊನೆಗೆ ಲಾರಿ ನಿಲ್ಲಿಸಿದರು. ನಗರದವರ ಯಾವ ರಸೀದಿಯಲ್ಲೂ ಮಂಡೂರಿನವರ ನೀರಿನ ಬೆಲೆ ಬರೆದಿರಲಿಲ್ಲ. ನಮ್ಮಲ್ಲಿ ಆ ಬೆಲೆ ಪೆನ್ನಾರಿನ ಮರಳಲ್ಲಿ ಸಿಕ್ಕಿಕೊಂಡ ಕವರಾಗಿ, ಸಂಜೆ ಹೊತ್ತು ಸುಡೋ ಪ್ಲಾಸ್ಟಿಕ್ಕಿನ ಹೊಗೆಯಾಗಿ ಮಕ್ಕಳ ಮೂಗಿಗೆ ಬರ್ತದೆ.

ಹಾಗಾದರೆ ಕೇಳಿದಷ್ಟು ಕೊಟ್ಟುಬಿಡಬೇಕಾ? ಇಲ್ಲ. ಲೆಕ್ಕ ಕೇಳಿ ಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಐದು ಕೇಳೋಣ. ತಿಂಗಳಿಗೆ ಎಷ್ಟು ಮನೆಯಿಂದ ಎಷ್ಟು ಬಂತು? ಅದರಲ್ಲಿ ಕೂಲಿಗೆ ಎಷ್ಟು, ಗಾಡಿಗೆ ಎಷ್ಟು? ಮಾರಿದ ಒಣ ಕಸದಿಂದ, ಗೊಬ್ಬರದಿಂದ ಎಷ್ಟು ಬಂತು? ಬೇರೆ ಮಾಡಿ ಕೊಡೋ ಮನೆಗೆ ಕಡಿಮೆ ದರ ಉಂಟಾ? ದುಡಿದು ತಿನ್ನೋ ಶಕ್ತಿ ಇಲ್ಲದ ಒಂಟಿ ಮುದುಕರಿಗೆ ಮಾಫಿ ಉಂಟಾ? ಉತ್ತರವನ್ನು ಷೆಡ್ಡಿನ ಗೋಡೆ ಮೇಲೆ, ಆ 'ಸಂಪದ' ಅನ್ನೋ ಹೆಸರಿನ ಕೆಳಗೇ, ತೆಲುಗಿನಲ್ಲೂ ಕನ್ನಡದಲ್ಲೂ ಬರೆಸಲಿ. ಶಾಲೆಯ ಮೇಷ್ಟ್ರುಗಳು ಏಳನೇ ಕ್ಲಾಸಿನ ಮಕ್ಕಳಿಂದ ಆ ಲೆಕ್ಕ ಕೂಡಿಸಿ ನೋಡಲಿ. ಮಕ್ಕಳು ಕೂಡಿಸಿದಾಗ ಸರಿ ಬಂದರೆ ಮೂವತ್ತು ರೂಪಾಯಿ ಕೊಡೋಕೆ ಯಾವ ಮನೆಯೂ ಹಿಂದೆ ಮುಂದೆ ನೋಡೋದಿಲ್ಲ. ಸರಿ ಬರದಿದ್ದರೆ ಎಲ್ಲಿ ಸೋರ್ತಿದೆ ಅನ್ನೋದು ಊರಿಗೆಲ್ಲಾ ಗೊತ್ತಾಗ್ತದೆ.