‘ಓದಿ ನೋಡಿ’ ಎಂಬ ಮಾತಿನ ಹೊಣೆ

ಕನ್ನಡದ ಓದುಗರು ಒಬ್ಬರಿಗೊಬ್ಬರು ಪುಸ್ತಕ ಹೇಳುವಾಗ ಎರಡು ಮಾತು ಬಳಸುತ್ತಾರೆ. ಒಂದು ‘ಓದಿ ನೋಡಿ’, ಇನ್ನೊಂದು ‘ಓದಲೇಬೇಕು’. ಎರಡೂ ಮೆಚ್ಚುಗೆಯಿಂದಲೇ ಹುಟ್ಟಿದವು. ಆದರೆ ಎದುರಿಗಿರುವವರನ್ನು ಅವು ಕಾಣುವ ಬಗೆ ಬೇರೆ. ಸಾರಿಗೆ ಉಪ್ಪು ಸಾಕೇ ನೋಡಿ ಎನ್ನುವಾಗ, ಚಪ್ಪಲಿ ಹಾಕಿ ನೋಡಿ ಎನ್ನುವಾಗ ಆ ‘ನೋಡಿ’ ಯಾವ ಕೆಲಸ ಮಾಡುತ್ತದೋ ಪುಸ್ತಕದ ವಿಷಯದಲ್ಲೂ ಅದನ್ನೇ ಮಾಡುತ್ತದೆ. ಪರೀಕ್ಷೆಯನ್ನು ಕೇಳುವವರ ಕೈಗೆ ಬಿಡುತ್ತದೆ, ಕೊನೆಯ ತೀರ್ಮಾನವನ್ನೂ ಅವರಿಗೇ ಉಳಿಸುತ್ತದೆ. ‘ಓದಲೇಬೇಕು’ ಎಂಬಲ್ಲಿ ತೀರ್ಪು ಮೊದಲೇ ಹೊರಬಿದ್ದಿರುತ್ತದೆ. ಕೇಳುವವರಿಗೆ ಉಳಿಯುವುದು ಒಪ್ಪುವುದು, ಇಲ್ಲವೇ ತನಗೆ ರುಚಿಯಿಲ್ಲವೇನೋ ಎಂದು ಅಳುಕುವುದು. ವರ್ಷದ ಕೊನೆಯ ಪಟ್ಟಿಗಳಲ್ಲಿ, ಪುಸ್ತಕ ಬಿಡುಗಡೆಯ ಭಾಷಣಗಳಲ್ಲಿ, ಬೆನ್ನುಡಿಗಳಲ್ಲಿ, ಇತ್ತೀಚೆಗೆ ಓದಿದ್ದನ್ನು ಗೆಳೆಯರೊಡನೆ ಹಂಚಿಕೊಳ್ಳುವ ನಾಲ್ಕು ಸಾಲುಗಳಲ್ಲಿ ಈಗ ಹೆಚ್ಚು ಕೇಳುವುದು ಈ ಎರಡನೆಯ ದನಿ. ಪುಸ್ತಕ ಸೂಚಿಸುವುದು ಕೇವಲ ಸಂತೋಷದ ಹಂಚಿಕೆಯಲ್ಲ, ಅದೊಂದು ಹೊಣೆಯ ಕೆಲಸ ಎಂಬುದು ನನ್ನ ವಾದ. ಸೂಚಿಸುವವರು ಯಾರಿಗಾಗಿ, ಯಾವ ಕಾರಣಕ್ಕೆ, ಎಲ್ಲಿ ಎಚ್ಚರವಿಟ್ಟುಕೊಂಡು ಎಂಬ ಮೂರನ್ನೂ ಹೇಳಿದಾಗ ಮಾತ್ರ ಅದು ಓದಿಗೆ ನೆರವಾಗುತ್ತದೆ.

ಬಳಕೆಯಲ್ಲಿರುವ ಮೆಚ್ಚುಗೆಯ ಮಾತುಗಳನ್ನು ಅಳೆಯಲು ಒಂದು ಸರಳ ಪರೀಕ್ಷೆ ಸಾಕು. ವಾಕ್ಯದಿಂದ ಪುಸ್ತಕದ ಹೆಸರನ್ನು ತೆಗೆದು ಅಲ್ಲಿ ಬೇರೊಂದರ ಹೆಸರಿಡಬೇಕು. ವಾಕ್ಯ ಅಲುಗದೆ ಹಾಗೇ ನಿಂತರೆ ಅದು ಪುಸ್ತಕದ ಬಗ್ಗೆ ಏನನ್ನೂ ಹೇಳಿಲ್ಲ. ‘ಅದ್ಭುತ’, ‘ಮನಕಲಕುವ’, ‘ಕಾಡುವ’, ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುವ’ ಎಂಬವೆಲ್ಲ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಅದನ್ನು ಕನ್ನಡದ ಮಹಾಕಾದಂಬರಿ ಎಂದು ಹೇಳಿ ಕೈಗಿಟ್ಟರೆ ಹೊಸ ಓದುಗ ಮೊದಲು ನೋಡುವುದು ಅದರ ಗಾತ್ರವನ್ನು. ಒಂದರ ಮೇಲೊಂದು ಬರುವ ಮನೆತನಗಳು, ಊರುಗಳು, ಹೆಸರುಗಳ ನಡುವೆ ದಾರಿ ತಪ್ಪಿ, ನೂರು ಪುಟದೊಳಗೆ ಅದನ್ನು ಮಡಚಿಡುವ ಸಾಧ್ಯತೆಯೇ ಹೆಚ್ಚು. ಅದೇ ಕಾದಂಬರಿಯನ್ನು ಬಲ್ಲವರು ಬೇರೆ ರೀತಿ ಹೇಳಬಹುದು. ಮೊದಲಿಗೆ ನಾಯಿಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಬಿಡದೆ ಹಿಂಬಾಲಿಸಿ. ಗುತ್ತಿ–ತಿಮ್ಮಿ, ಐತ–ಪೀಂಚಲು, ಮುಕುಂದಯ್ಯ–ಚಿನ್ನಮ್ಮ ಎಂಬ ಮೂರು ಜೋಡಿಗಳನ್ನು ನೆನಪಿಟ್ಟುಕೊಳ್ಳಿ. ಉಳಿದ ಹೆಸರುಗಳು ಕಾಡುದಾರಿಯಲ್ಲಿ ಎದುರಾಗುವ ಜನರಂತೆ ಬಂದು ಹೋಗಲಿ, ಮತ್ತೆ ಸಿಕ್ಕಾಗ ಗುರುತು ಹತ್ತುತ್ತದೆ. ಇಷ್ಟು ಹೇಳಿದರೆ ಕಾದಂಬರಿಯ ಹಿರಿಮೆಗೆ ಏನೂ ಕುಂದಿಲ್ಲ. ಒಳಹೋಗಲು ಒಂದು ಬಾಗಿಲು ಸಿಕ್ಕಿತು. ಈ ಮಾತನ್ನು ಇನ್ನಾವ ಪುಸ್ತಕಕ್ಕೂ ಅಂಟಿಸಲಾಗದು.

ಕಷ್ಟದ ಪುಸ್ತಕಗಳ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಪುಟಗಳ ಲೆಕ್ಕದಲ್ಲಿ ಚಿಕ್ಕದು. ಆದರೆ ಮೈಸೂರಿನ ದಕ್ಷಿಣ ಸೀಮೆಯ ಆಡುನುಡಿಯಲ್ಲಿ ಬರೆದಿರುವ ಅದು ಧಾರವಾಡ, ಕಲಬುರಗಿ, ಮಂಗಳೂರಿನ ಓದುಗರಿಗೆ ಇರಲಿ, ಬೆಂಗಳೂರಿನವರಿಗೂ ಮೊದಲ ಪುಟದಲ್ಲೇ ತೊಡಕಾಗುತ್ತದೆ. ಮನೆಮನೆಯ ದೀಪಗಳು ಜೋತಮ್ಮಗಳಾಗಿ ಕೂಡಿ ಮಾತಾಡುವಲ್ಲಿ ಇದು ಯಾವ ಬಗೆಯ ಕಥನ ಎಂಬ ಗೊಂದಲವೂ ಹುಟ್ಟುತ್ತದೆ. ಅದನ್ನು ‘ಒಂದೇ ಗುಕ್ಕಿಗೆ ಓದಿದೆ’ ಎಂದು ಯಾರಾದರೂ ಹೇಳಿದರೆ, ಎಡವಿದ ಓದುಗ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿ, ಕಣ್ಣಿಗೆ ಸಿಗದ ಪದ ಕಿವಿಗೆ ಸಿಗುತ್ತದೆ, ಅಷ್ಟಾಗಿ ಸಿಗದಿದ್ದರೂ ನಿಲ್ಲಬೇಡಿ ಎಂಬ ಸೂಚನೆ ಆ ಓದುಗನನ್ನು ಉಳಿಸಿಕೊಳ್ಳುತ್ತದೆ. 1990ರಲ್ಲಿ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಒಳ್ಳೆಯ ಸುದ್ದಿಯೇ, ಆದರೆ ಪ್ರಶಸ್ತಿಯ ಹೆಸರು ಈ ತೊಡಕಿನಲ್ಲಿ ಯಾರಿಗೂ ನೆರವಾಗುವುದಿಲ್ಲ. ತೊಡಕನ್ನು ಮುಚ್ಚಿಟ್ಟು ಹೊಗಳುವುದಕ್ಕಿಂತ ತೊಡಕನ್ನು ತೋರಿಸಿ ದಾಟಿಸುವುದು ಪುಸ್ತಕಕ್ಕೆ ಮಾಡುವ ದೊಡ್ಡ ಉಪಕಾರ.

ಹೀಗೆ ದಾಟಿಸುವುದು ನಮಗೆ ಹೊಸದೇನಲ್ಲ. ಗಮಕದ ಸಂಪ್ರದಾಯದಲ್ಲಿ ವಾಚನಕಾರರ ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂರುತ್ತಾರೆ. ಕುಮಾರವ್ಯಾಸ ದೊಡ್ಡ ಕವಿ ಎಂದು ಸಾರುವುದಷ್ಟೇ ಅವರ ಕೆಲಸವಲ್ಲ. ಪದ್ಯ ನಿಂತಲ್ಲಿ ನಿಂತು, ಗಂಟನ್ನು ಬಿಚ್ಚಿ, ಮತ್ತೆ ಕೇಳುವವರನ್ನು ಪದ್ಯಕ್ಕೇ ಒಪ್ಪಿಸುತ್ತಾರೆ. ಅಕ್ಷರ ಬಾರದವರೂ ಗದುಗಿನ ಭಾರತವನ್ನು ತಮ್ಮದಾಗಿಸಿಕೊಂಡದ್ದು ಈ ದಾರಿಯಿಂದ. ಅಚ್ಚಿನ ಕಾಲಕ್ಕೆ ಬಂದರೆ, ಗಳಗನಾಥರು (1869–1942) ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಕೊಳ್ಳುವವರ ಮುಖ ಕಂಡು ಪುಸ್ತಕ ಕೊಟ್ಟವರು ಮರುವರ್ಷ ಅದೇ ಮುಖದ ಎದುರು ನಿಲ್ಲಬೇಕಾಗುತ್ತದೆ ಎಂಬುದೇ ಆ ಮಾರಾಟದೊಳಗಿನ ಪ್ರಾಮಾಣಿಕತೆ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಶುರುಮಾಡಿದ ಮನೋಹರ ಗ್ರಂಥಮಾಲೆ ಇದೇ ನಂಬಿಕೆಯನ್ನು ಒಂದು ವ್ಯವಸ್ಥೆಯಾಗಿಸಿತು. ಅಲ್ಲಿ ಚಂದಾದಾರರು ಮುಂದೆ ಬರುವ ಪುಸ್ತಕಗಳನ್ನು ಕಾಣದೆಯೇ ಹಣ ಕೊಡುತ್ತಿದ್ದರು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ‘ಯಯಾತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಬಂದದ್ದು ಆ ಮಾಲೆಯಲ್ಲಿ. ಆಯ್ಕೆ ಪದೇ ಪದೇ ಹುಸಿಯಾಗಿದ್ದರೆ ಚಂದಾ ನಿಲ್ಲುತ್ತಿತ್ತು. ಸೂಚಿಸಿದವರಿಗೂ ಏನೋ ಕಳೆದುಕೊಳ್ಳುವುದಿತ್ತು, ಆದ್ದರಿಂದಲೇ ಅವರ ಮಾತಿಗೆ ತೂಕವಿತ್ತು. ಇಂದಿನ ಹೊಗಳಿಕೆಯಲ್ಲಿ ಹೊಗಳಿದವರು ಕಳೆದುಕೊಳ್ಳುವುದು ಏನೂ ಇಲ್ಲ.

ಇನ್ನೊಂದು ಪರಂಪರೆಯನ್ನು ನಮ್ಮ ವಿಮರ್ಶೆ ಗಂಭೀರವಾಗಿ ತೆಗೆದುಕೊಂಡದ್ದು ತಡವಾಗಿ. ತ್ರಿವೇಣಿ, ಎಂ.ಕೆ. ಇಂದಿರಾ ಮೊದಲಾದವರ ಕಾದಂಬರಿಗಳು ಬಾಡಿಗೆ ಪುಸ್ತಕದಂಗಡಿಯಿಂದ ಮನೆಗೆ, ಮನೆಯಿಂದ ಪಕ್ಕದ ಮನೆಗೆ ಹೋಗಿ, ರಟ್ಟು ಕಿತ್ತು ಮರಳುತ್ತಿದ್ದ ಕಾಲವೊಂದಿತ್ತು. ಹೆಂಗಸರ ಈ ಓದನ್ನು ಅಡುಗೆಮನೆಯ ಓದು ಎಂದು ಬದಿಗೆ ಸರಿಸಿದವರೂ ಇದ್ದರು. ಆದರೆ ಪುಸ್ತಕ ಸೂಚಿಸುವ ಕಲೆಯ ದೃಷ್ಟಿಯಿಂದ ನೋಡಿದರೆ ಅಲ್ಲಿ ನಡೆದದ್ದು ಅತ್ಯಂತ ಖಚಿತವಾದ ಕೆಲಸ. ‘ಶರಪಂಜರ’ವನ್ನು ಒಬ್ಬರು ಇನ್ನೊಬ್ಬರಿಗೆ ದಾಟಿಸುವಾಗ ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದ ಹೆಣ್ಣನ್ನು ಮನೆಯವರು ಹೇಗೆ ನೋಡುತ್ತಾರೆ ಎಂಬ ಪ್ರಶ್ನೆಯೂ ಜೊತೆಗೆ ದಾಟುತ್ತಿತ್ತು. ಬಾಲ್ಯದಲ್ಲೇ ವಿಧವೆಯಾದವಳ ಬದುಕನ್ನು ಹೇಳುವ ‘ಫಣಿಯಮ್ಮ’ (1976) ಯಾರ ಮನೆಗೆ ಹೋಗಬೇಕು, ಯಾರು ಅದನ್ನು ಓದಿ ಮೌನವಾಗಬಹುದು ಎಂಬುದು ಕೊಡುವವರಿಗೆ ಗೊತ್ತಿರುತ್ತಿತ್ತು. ಕೊಡುವವರು ಪುಸ್ತಕವನ್ನೂ ಬಲ್ಲರು, ಪಡೆಯುವವರನ್ನೂ ಬಲ್ಲರು. ಪ್ರತಿ ಓದುಗನಿಗೂ ಅವನದೇ ಪುಸ್ತಕವೊಂದು ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬ ತತ್ವವನ್ನು ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಸೂತ್ರಗಳಾಗಿ ಇಟ್ಟರು. ನಮ್ಮ ವಠಾರಗಳ ಓದುಗಿತ್ತಿಯರು ಆ ಸೂತ್ರಗಳನ್ನು ಓದದೆಯೇ ಪಾಲಿಸುತ್ತಿದ್ದರು.

ಈ ಪರಂಪರೆಗಳ ಪಕ್ಕದಲ್ಲಿ ಇಟ್ಟು ನೋಡಿದಾಗ ಇಂದಿನ ಕೊರತೆ ಸ್ಪಷ್ಟವಾಗುತ್ತದೆ. ಬಾನು ಮುಷ್ತಾಕ್ ಅವರ ಕಥೆಗಳ ಉದಾಹರಣೆ ಸಾಕು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಿತು. ಅದರಲ್ಲಿರುವ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಕನ್ನಡದಲ್ಲಿ ಬರೆದವು. ಅಂದರೆ ಮೂರು ದಶಕ ಅವು ನಮ್ಮ ನಡುವೆಯೇ ಇದ್ದವು. ಗಿರೀಶ ಕಾಸರವಳ್ಳಿ ‘ಕರಿ ನಾಗರಗಳು’ ಕಥೆಯಿಂದ ‘ಹಸೀನಾ’ (2004) ಚಿತ್ರ ಮಾಡಿದ್ದರು. ಬಲ್ಲವರು ಬಲ್ಲವರಾಗಿಯೇ ಇದ್ದರು. ಆದರೂ ಎಷ್ಟೋ ಕನ್ನಡಿಗರಿಗೆ ಅವರ ಹೆಸರು ತಲುಪಿದ್ದು ಲಂಡನ್ನಿನ ದಾರಿಯಿಂದ. ಓದುಗರ ನಡುವಿನ ಮಾತು ಗಟ್ಟಿಯಾಗಿದ್ದರೆ ಇಷ್ಟು ದೂರದ ಸುತ್ತು ಬೇಕಾಗುತ್ತಿರಲಿಲ್ಲ. ಇನ್ನೂ ಬೇಸರದ ಸಂಗತಿ ಎಂದರೆ, ಬಂದ ಮೇಲೂ ಹೆಚ್ಚಾಗಿ ಹರಡಿದ್ದು ‘ಬೂಕರ್ ಬಂದಿದೆ, ಓದಲೇಬೇಕು’ ಎಂಬ ಮಾತೇ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಕಾಯಿಲೆಯ ಕೂಸನ್ನು ಎತ್ತಿಕೊಂಡು ನ್ಯಾಯಕ್ಕಾಗಿ ಮಸೀದಿಯ ಅಂಗಳದಲ್ಲಿ ಕಾದು ಕೂರುವ ‘ಕರಿ ನಾಗರಗಳು’ ಕಥೆಯನ್ನು, ಅಲ್ಲಿ ಧರ್ಮಕ್ಕಿಂತ ಧರ್ಮದ ಉಸ್ತುವಾರಿ ಹೊತ್ತವರು ವಿಚಾರಣೆಗೆ ಗುರಿಯಾಗುವುದನ್ನು ಹೇಳಿ ಪುಸ್ತಕ ಕೈಗಿಟ್ಟಿದ್ದರೆ, ಪ್ರಶಸ್ತಿಯ ಹೆಸರು ಮರೆತ ಮೇಲೂ ಓದು ಉಳಿಯುತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಕಳಕಳಿಯದ್ದು. ಕನ್ನಡ ಪುಸ್ತಕಕ್ಕೆ ಕೊಳ್ಳುವವರೇ ಕಡಿಮೆ. ಸಾವಿರ ಪ್ರತಿ ಖರ್ಚಾಗುವುದೇ ಕಷ್ಟವಿರುವಾಗ ಪ್ರತಿ ಹೊಗಳಿಕೆಯೂ ಒಂದು ಆಸರೆ, ಈ ಹೊತ್ತಿನಲ್ಲಿ ತೂಕ ಹಾಕಿ ಮಾತಾಡುವುದು ಬಡವನ ಮನೆಯಲ್ಲಿ ಅಕ್ಕಿ ಅಳೆದಂತೆ ಎಂಬ ವಾದ. ಬರೆಯುವವರು, ಪ್ರಕಟಿಸುವವರು, ಓದುವವರು ಒಬ್ಬರಿಗೊಬ್ಬರು ಪರಿಚಿತರೇ ಆಗಿರುವ ಚಿಕ್ಕ ಲೋಕದಲ್ಲಿ ಮುನ್ನುಡಿ, ಬೆನ್ನುಡಿಗಳು ಸೌಜನ್ಯದ ಭಾಷೆಯಾಗುವುದೂ ಸಹಜ. ಈ ಕಳಕಳಿ ನಿಜವಾದದ್ದು, ಆದರೆ ಅದರ ಲೆಕ್ಕ ತಪ್ಪಿದೆ. ಹುಸಿ ಹೊಗಳಿಕೆ ನಂಬಿ ಪುಸ್ತಕ ಕೊಂಡವರು ನಿರಾಶರಾದರೆ ಆ ಒಂದು ಪುಸ್ತಕವನ್ನಷ್ಟೇ ದೂರ ಇಡುವುದಿಲ್ಲ. ಮುಂದಿನ ಸಲ ನಿಜವಾದ ಮೆಚ್ಚುಗೆ ಬಂದಾಗಲೂ ಕಿವಿಗೊಡುವುದಿಲ್ಲ. ಅದರ ನಷ್ಟ ಹೊಗಳಿಸಿಕೊಂಡ ಲೇಖಕನಿಗಲ್ಲ, ಯಾರ ಪರಿಚಯವೂ ಇಲ್ಲದೆ ದೂರದ ಊರಿನಿಂದ ಮೊದಲ ಪುಸ್ತಕ ತಂದ ಹೊಸಬರಿಗೆ. ಓದುಗರು ಕಡಿಮೆ ಇರುವ ಭಾಷೆಯಲ್ಲಿ ಒಬ್ಬೊಬ್ಬ ಓದುಗನ ನಂಬಿಕೆಯೂ ಬೆಲೆಬಾಳುತ್ತದೆ. ಅಕ್ಕಿ ಕಡಿಮೆ ಇದ್ದ ಮನೆಯಲ್ಲೇ ಅಳತೆ ಹೆಚ್ಚು ಮುಖ್ಯ.

ಎರಡನೆಯ ಆಕ್ಷೇಪ ಸಾಮಾನ್ಯ ಓದುಗರ ಪರವಾಗಿ ಏಳುತ್ತದೆ. ಸಂತೋಷಕ್ಕೆ ಓದುವವರಿಂದ ಕಾರಣ ಕೇಳಿದರೆ ಅವರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ, ಕಾರಣ ಕೊಡುವುದು ವಿಮರ್ಶಕರ ಕೆಲಸ ಎನ್ನುತ್ತದೆ ಅದು. ಇಲ್ಲಿ ಕಾರಣವನ್ನೂ ಪಾಂಡಿತ್ಯವನ್ನೂ ಒಂದೇ ಎಂದು ತಿಳಿಯಲಾಗಿದೆ. ತೇಜಸ್ವಿಯವರ ‘ಕರ್ವಾಲೊ’ (1980) ಬಗ್ಗೆ ಮಾತಾಡಲು ನವ್ಯದ ಮಿತಿಗಳ ಚರ್ಚೆ ಬೇಕಿಲ್ಲ. ಮೂಡಿಗೆರೆ ಸೀಮೆಯ ಜೇನಿನ ಮಾತಿನಿಂದ ಶುರುವಾಗಿ ಹಾರುವ ಓತಿಯ ಹುಡುಕಾಟಕ್ಕೆ ಹೋಗಿ ಮುಟ್ಟುತ್ತದೆ, ಊರು ದಡ್ಡ ಎಂದುಕೊಂಡಿರುವ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಕಾಣುವುದು ಬೇರೆಯದನ್ನೇ. ಕಾದಂಬರಿ ತನಗೆ ಒಗ್ಗುವುದಿಲ್ಲ ಎನ್ನುವ, ಗಿಡ-ಹಕ್ಕಿಗಳ ಹುಚ್ಚಿರುವ ಹುಡುಗ ಇದ್ದರೆ ಅವನಿಗೆ ಕೊಡಿ. ಇಷ್ಟನ್ನು ಹೇಳಲು ಬೇಕಾದದ್ದು ಪುಸ್ತಕವನ್ನು ಗಮನವಿಟ್ಟು ಓದಿರುವುದು, ಕೊಡಬೇಕಾದವರನ್ನು ಗಮನವಿಟ್ಟು ನೋಡಿರುವುದು. ಬಾಯಿಚಪಲಕ್ಕೆ ಮಾವಿನ ಹಣ್ಣಿನ ಬಗ್ಗೆ ಮಾತಾಡುವವರು ಕೂಡ ಯಾವ ಜಾತಿ, ಎಷ್ಟು ಹುಳಿ, ರಸ ಎಷ್ಟು, ನಾರು ಎಷ್ಟು ಎಂದು ಹೇಳುತ್ತಾರೆ. ಪುಸ್ತಕಕ್ಕೆ ಅಷ್ಟಾದರೂ ಸಲ್ಲಬೇಕು.

ಇದೇ ಗಮನವನ್ನು ಕಸಿಯುವ ಇನ್ನೊಂದು ರೂಢಿ ಎಣಿಕೆಯದ್ದು. ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಗುರಿಯಿಟ್ಟು, ಓದಿದ್ದನ್ನು ಓದಿದ ಕೂಡಲೇ ಪಟ್ಟಿಗೆ ಸೇರಿಸುವುದು. ಗುರಿ ಇಟ್ಟುಕೊಂಡು ಓದುವ ಶಿಸ್ತನ್ನು ನಾನು ಅಲ್ಲಗಳೆಯುವುದಿಲ್ಲ. ಬಿಟ್ಟುಹೋದ ಓದಿನ ಅಭ್ಯಾಸಕ್ಕೆ ಮರಳಲು ಎಷ್ಟೋ ಜನರಿಗೆ ಅದು ನೆರವಾಗಿದೆ. ಆದರೆ ಎಣಿಕೆ ಹೊಸ ಪುಸ್ತಕದ ಪರವಾಗಿ, ತೆಳು ಪುಸ್ತಕದ ಪರವಾಗಿ ವಾಲುತ್ತದೆ. ಎರಡನೆಯ ಓದಿಗೆ ಅಲ್ಲಿ ಲೆಕ್ಕವಿಲ್ಲ. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ಜಾಗವೇ ಇಲ್ಲ. ಸಹ ಓದುಗರಿಗೆ ಹೆಚ್ಚು ಉಪಯೋಗವಾಗುವುದು ಬಹಳ ಸಲ ಈ ಎರಡರ ಸುದ್ದಿಯೇ. ಹತ್ತು ವರ್ಷದ ಮೇಲೆ ಮತ್ತೆ ಓದಿದಾಗ ಯಾವುದು ಸಪ್ಪೆಯಾಯಿತು, ಯಾವುದು ಇನ್ನಷ್ಟು ತೆರೆದುಕೊಂಡಿತು, ಯಾವ ಪುಸ್ತಕವನ್ನು ಎಷ್ಟನೆಯ ಪುಟದಲ್ಲಿ ಏಕೆ ಬಿಡಬೇಕಾಯಿತು ಎಂಬ ಮಾತಿನಲ್ಲಿ ಹೇಳುವವರ ಅಭಿರುಚಿಯ ಅಂಚು ಕಾಣುತ್ತದೆ. ಏನನ್ನು ಮೆಚ್ಚಲಾರರು ಎಂಬುದು ತಿಳಿದಾಗಲೇ ಅವರ ಮೆಚ್ಚುಗೆಯ ಬೆಲೆಯೂ ತಿಳಿಯುವುದು. ಎಲ್ಲವನ್ನೂ ಮೆಚ್ಚುವವರ ಪಟ್ಟಿಯನ್ನು ಹಿಡಿದು ಯಾರೂ ಅಂಗಡಿಗೆ ಹೋಗಲಾರರು.

ಹಾಗಾಗಿ ‘ಓದಿ ನೋಡಿ’ ಎಂಬ ಹಳೆಯ ಮಾತನ್ನೇ ಮತ್ತೆ ಎತ್ತಿಕೊಳ್ಳಬೇಕು, ಅದರ ಎರಡೂ ಪದಗಳ ಅರ್ಥದೊಡನೆ. ‘ಓದಿ’ ಎನ್ನುವ ಮುನ್ನ ಹೇಳುವವರು ತಾವು ಓದಿರಬೇಕು, ತಮ್ಮ ಹೆಸರನ್ನು ಆ ಮಾತಿಗೆ ಒತ್ತೆ ಇಟ್ಟಿರಬೇಕು. ‘ನೋಡಿ’ ಎಂದ ಮೇಲೆ ಕೇಳಿದವರು ಓದಿ ಬಂದು ‘ನನಗೆ ಹಾಗನಿಸಲಿಲ್ಲ’ ಎಂದರೆ ಅದನ್ನು ಕೇಳಿಸಿಕೊಳ್ಳಲು ಸಿದ್ಧರಿರಬೇಕು. ‘ಓದಲೇಬೇಕು’ ಎಂಬ ಆಜ್ಞೆಗೆ ಈ ಮರುಮಾತಿಲ್ಲ. ಅಲ್ಲಿ ಸಂಭಾಷಣೆ ಶುರುವಾಗುವ ಮೊದಲೇ ಮುಗಿದಿರುತ್ತದೆ. ಒಬ್ಬರು ಕೊಟ್ಟ ಪುಸ್ತಕ ಇನ್ನೊಬ್ಬರ ಭಿನ್ನಾಭಿಪ್ರಾಯದೊಡನೆ ಮರಳಿ ಬಂದಾಗ, ಅದೇ ಪುಸ್ತಕದಲ್ಲಿ ಕೊಟ್ಟವರಿಗೂ ಕಾಣದೆ ಹೋಗಿದ್ದ ಪುಟವೊಂದು ತೆರೆಯುತ್ತದೆ.