ಹೆಸರು ಮುಚ್ಚಿದ ಮೇಲೆ ಓದುವುದು ಏನನ್ನು?

ಕಾವ್ಯಸ್ಪರ್ಧೆಗಳನ್ನು ಗೆದ್ದವರು ಹೊಗಳುತ್ತಾರೆ, ಸೋತವರು ಬೈಯುತ್ತಾರೆ. ವಿಮರ್ಶೆ ಮಾತ್ರ ಆ ಕಡೆ ತಿರುಗಿ ನೋಡಿದ್ದು ಕಡಿಮೆ. ಆದರೆ ಕನ್ನಡದಲ್ಲಿ ಎಷ್ಟೋ ಜನ ಕವಿಗಳಾಗಿ ಒಳಗೆ ಬಂದದ್ದು ಈ ಬಾಗಿಲಿನಿಂದಲೇ. 1964ರಲ್ಲಿ ಧಾರವಾಡದಲ್ಲಿ ಹುಟ್ಟಿದ ‘ಸಂಕ್ರಮಣ’ ನಡೆಸುತ್ತಿದ್ದ ಕಾವ್ಯಸ್ಪರ್ಧೆ, ‘ಪ್ರಜಾವಾಣಿ’ ದೀಪಾವಳಿ ವಿಶೇಷಾಂಕದ ಸ್ಪರ್ಧೆ, ಇಂಥವು ಬೆಂಗಳೂರಿನ ಪರಿಚಯವಿಲ್ಲದ, ಶಿಫಾರಸು ಮಾಡುವ ಗುರುಗಳಿಲ್ಲದ ಬರಹಗಾರರಿಗೂ ಒಂದು ವಿಳಾಸ ಕೊಟ್ಟವು. ಕವಿತೆಯ ಹಾಳೆಯ ಮೇಲೆ ಹೆಸರು ಇರಬಾರದು, ಅದು ಬೇರೆ ಹಾಳೆಯಲ್ಲಿರಬೇಕು ಎಂಬ, ಸ್ಪರ್ಧೆಗಳಲ್ಲಿ ಸಾಮಾನ್ಯವಾದ ನಿಯಮವನ್ನು ನಾನು ಹಗುರವಾಗಿ ಕಾಣಲಾರೆ. ಹೆಸರಿನ ಹಿಂದೆ ಊರು, ಊರಿನ ಹಿಂದೆ ಕೇರಿ ಕೇಳುವ ಸಮಾಜದಲ್ಲಿ ಅದು ಸಣ್ಣ ನ್ಯಾಯವೇನಲ್ಲ.

ನನ್ನ ತಕರಾರು ಅಲ್ಲಿಂದ ಮುಂದಕ್ಕೆ. ಹೆಸರು ಮುಚ್ಚಿದ ಮೇಲೆ ತೀರ್ಪುಗಾರ ಓದುವುದು ಏನನ್ನು?

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿ ಕಡೆಯಿಂದ ಕಾಲೇಜಿಗೆ ಬರುವ ನನ್ನ ಇಬ್ಬರು ವಿದ್ಯಾರ್ಥಿಗಳು ಒಂದು ಸಾಹಿತ್ಯ ಪತ್ರಿಕೆಯ ಸ್ಪರ್ಧೆಗೆ ಕವಿತೆ ಕಳಿಸಿದರು. ಇಬ್ಬರದೂ ಒಂದೇ ಕೇರಿ. ಹುಡುಗನ ಕವಿತೆಯಲ್ಲಿ ತಮಟೆ ಇತ್ತು, ಬೆಂಕಿ ಇತ್ತು, ಚಪ್ಪಲಿ ಇತ್ತು, ಕೊನೆಗೆ ಸೂರ್ಯ ಹುಟ್ಟುತ್ತಿದ್ದ. ಸಮಾಧಾನಕರ ಬಹುಮಾನ ಬಂತು. ಹುಡುಗಿ ಬರೆದದ್ದು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಅವಳಮ್ಮನ ಕೂಲಿಯ ಬಗ್ಗೆ. ‘ಇನ್ನೊಂದು’ ಎಂಬ ಪದ ಸಾಲು ಸಾಲಿಗೂ ಬರುತ್ತದೆ, ಏಟು ಬಿದ್ದ ಹಾಗೆ. ಅದು ಆಯ್ಕೆಯಾಗಲಿಲ್ಲ. ಫಲಿತಾಂಶದ ಜೊತೆ ಅಚ್ಚಾದ ತೀರ್ಪುಗಾರರ ಮಾತಿನಲ್ಲಿ ಹೊಸಬರಿಗೆಲ್ಲ ಒಂದು ಬುದ್ಧಿವಾದವಿತ್ತು: ಪುನರುಕ್ತಿ ಬಿಡಬೇಕು, ಭಾವ ಸಾಂದ್ರವಾಗಬೇಕು.

ಹುಡುಗನ ಕವಿತೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಅವನೇ ನಗುತ್ತಾ ಅಂದ: ‘ಸಾರ್, ನಮ್ ಕೈಲಿ ಅವ್ರು ಕಾಯ್ತಿರೋದು ಇದನ್ನೇ ತಾನೆ?’ ಇಷ್ಟು ಚುರುಕಾದ ವಿಮರ್ಶೆಯನ್ನು ನಾನು ಎಂ.ಎ. ತರಗತಿಯಲ್ಲೂ ಕೇಳಿರಲಿಲ್ಲ. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಆ ಸಿಟ್ಟನ್ನು ಯಾರೂ ಕಾದು ಕೂತಿರಲಿಲ್ಲ. ಅದಕ್ಕೇ ಅದು ಕನ್ನಡ ಕಾವ್ಯವನ್ನು ಅಲುಗಾಡಿಸಿತು. ಈಗ ಅದೇ ಸಿಟ್ಟಿಗೆ ಒಂದು ಅಚ್ಚು ಸಿದ್ಧವಾಗಿದೆ. ಹೆಸರು ಮುಚ್ಚಿದ್ದರೂ ಅಚ್ಚು ಗುರುತು ಹೇಳುತ್ತದೆ: ಇದು ದಲಿತ ಕವಿತೆ, ಒಂದಿರಲಿ. ಹುಣಸೆ ಕುಟ್ಟುವ ಕವಿತೆಗೆ ಆ ಗುರುತೂ ಇಲ್ಲ, ‘ಶುದ್ಧ ಕಾವ್ಯ’ದ ಗುರುತೂ ಇಲ್ಲ. ಅದು ಹೊರಗೇ ನಿಂತಿತು.

ಇನ್ನು ಪುನರುಕ್ತಿ. ಒಬ್ಬನೇ ಕೂತು ಕಣ್ಣಲ್ಲಿ ಓದುವವನಿಗೆ ಅದು ದೋಷ. ನಮ್ಮ ಸೀಮೆಯ ಮಾರಿಜಾತ್ರೆಗಳಲ್ಲಿ ಆಸಾದಿಗಳ ಹಾಡು ಕೇಳಿ ಬೆಳೆದ ಕಿವಿಗೆ ಮರಳಿ ಬರುವ ಪದ ಉಸಿರು ತಗೊಳ್ಳುವ ಜಾಗ. ಕೂಲಿಯವರಿಗಂತೂ ಅದು ಲೆಕ್ಕ. ಹುಣಸೆಹಣ್ಣನ್ನು ಸಾಂದ್ರವಾಗಿ ಕುಟ್ಟೋಕಾಗುತ್ತಾ?

ಸ್ಪರ್ಧೆಯ ನಿಯಮಗಳನ್ನೂ ನಾವು ಪಠ್ಯದಂತೆ ಓದಬೇಕು. ಕವಿತೆ ಅಪ್ರಕಟಿತವಾಗಿರಬೇಕು ಅಂತಾರೆ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಬಾಯಿಂದ ಬಾಯಿಗೆ ಹೋದ ಹಾಡು, ಅಚ್ಚಾಗದಿದ್ದರೆ, ಅಪ್ರಕಟಿತವೋ? ಒಂದು ಪುಟ ಮೀರಬಾರದು ಅಂತಾರೆ. ತುಮಕೂರಿನಲ್ಲಿದ್ದು ಬರೆದ, 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರ ‘ಬಕಾಲ’ದಂಥ ಖಂಡಕಾವ್ಯವನ್ನು ಯಾವ ಲಕೋಟೆಗೆ ತುರುಕುವುದು? ‘ಸ್ವಂತ ರಚನೆ’ ಎಂದು ದೃಢೀಕರಿಸಬೇಕು. ಸಹಿ ಹಾಕುವ ಮುಂಚೆ ಹುಡುಗಿ ಕೇಳಿದಳು: ‘ಇದ್ರಾಗೆ ಅಮ್ಮನ ಪದ ಐತೆ ಸಾರ್, ನಂದೇ ಅಂತ ಸೈನ್ ಹಾಕ್ಬೋದಾ?’ ಹಾಕು ಅಂದೆ. ಅಮ್ಮನ ಹೆಸರು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಸ್ಪರ್ಧೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಆ ಮಾತು ಈಗಾಗಲೇ ಹೆಸರಿರುವವರಿಗೆ ಸಲೀಸು. ನಮ್ಮ ಹುಡುಗರು ಕಳಿಸಲಿ, ಗೆಲ್ಲಲಿ, ಬಹುಮಾನದ ದುಡ್ಡಲ್ಲಿ ಪುಸ್ತಕ ಕೊಳ್ಳಲಿ. ಆದರೆ ತೀರ್ಪುಗಾರರು ಒಂದು ಸುತ್ತನ್ನಾದರೂ ಗಟ್ಟಿಯಾಗಿ ಓದಿಸಿ ಕೇಳಲಿ. ತಮ್ಮೊಳಗೆ ಭಿನ್ನಾಭಿಪ್ರಾಯ ಬಂದ ಕವಿತೆಗಳು ಯಾವುವು, ಯಾಕೆ ಎಂಬುದನ್ನು ಅಚ್ಚು ಮಾಡಲಿ. ಸಂಪಾದಕರಲ್ಲಿ ಇನ್ನೊಂದು ಕೋರಿಕೆ: ಆಯ್ಕೆಯಾಗದ ಕವಿತೆಗಳ ಕಟ್ಟನ್ನು ರದ್ದಿಗೆ ಹಾಕುವ ಮುಂಚೆ, ಬರೆದವರ ಒಪ್ಪಿಗೆ ಪಡೆದು, ನಮಗೊಮ್ಮೆ ಓದಲು ಕೊಡಿ. ದಲಿತ ವಿಮರ್ಶೆಗೆ ಅಲ್ಲಿ ಬೇಕಾದಷ್ಟು ಕೆಲಸ ಬಿದ್ದಿದೆ.