ಶಿಶುವೀಕ್ಷಣೆಯೂ ಸ್ವಭಾವೋಕ್ತಿಯೂ

ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯ ವಿಷಯವಾಗಿ ಹಳೆಯದೊಂದು ವಿವಾದವುಂಟು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟನು. ವಸ್ತುವಿನ ಸ್ವಭಾವವೇ ಕಾವ್ಯದ ಶರೀರವಾಗಿರುವಾಗ ಅದು ಅಲಂಕಾರವಾಗುವುದು ಹೇಗೆಂದು ಕುಂತಕನು ಅದನ್ನು ನಿರಾಕರಿಸಿದನು. ಮಮ್ಮಟನಾದರೋ ಅದರ ಲಕ್ಷಣವನ್ನು ಹೇಳುವಾಗ ಮೊಟ್ಟಮೊದಲು ನೆನೆದುದು ಶಿಶುವನ್ನು. ಎಳೆಯ ಮಗುವೇ ಮೊದಲಾದವುಗಳ ಸಹಜವಾದ ಕ್ರಿಯೆಯನ್ನೂ ರೂಪವನ್ನೂ ವರ್ಣಿಸುವುದು ಸ್ವಭಾವೋಕ್ತಿಯೆಂಬುದು ಅವನ ಅಭಿಪ್ರಾಯ. ಇದ್ದುದನ್ನು ಇದ್ದಂತೆ ಹೇಳುವುದು ಸುಲಭವೆಂದು ತೋರಬಹುದು. ಆದರೆ ಮಗುವನ್ನು ಕುರಿತು ಬರೆಯಹೊರಟವರಿಗೆ ಅದಕ್ಕಿಂತ ದುಷ್ಕರವಾದುದು ಬೇರೊಂದಿಲ್ಲ. ಶಿಶುವಿಹಾರಗಳಲ್ಲಿ ಮಕ್ಕಳನ್ನು ವೀಕ್ಷಿಸಿ ಬರೆದಿಟ್ಟ ಗ್ರಂಥಗಳ ಯೋಗ್ಯತೆಯು ಈ ಒಂದು ಒರೆಗಲ್ಲಿನಿಂದಲೇ ತಿಳಿದುಬರುತ್ತದೆ.

ಇಂತಹ ಗ್ರಂಥಗಳಲ್ಲಿ ಸೂಸನ್ ಐಸಾಕ್ಸ್ (1885-1948) ಎಂಬ ಆಂಗ್ಲ ವಿದುಷಿಯ ಎರಡು ಕೃತಿಗಳು ಇಂದಿಗೂ ವಿಮರ್ಶಾರ್ಹವಾಗಿವೆ. ಜೆಫ್ರಿ ಪೈಕ್ ಎಂಬವರು 1924ರಲ್ಲಿ ಕೇಂಬ್ರಿಡ್ಜ್ ನಗರದಲ್ಲಿ ಸ್ಥಾಪಿಸಿದ ಮಾಲ್ಟಿಂಗ್ ಹೌಸ್ ಎಂಬ ಶಿಶುಶಾಲೆಯನ್ನು ಈಕೆ 1927ರ ವರೆಗೆ ನಡೆಸಿದರು. ಅಲ್ಲಿ ತೋಟವಿತ್ತು, ಸಾಕುಪ್ರಾಣಿಗಳಿದ್ದುವು, ಮಕ್ಕಳ ಕೈಗೆ ನಿಜವಾದ ಉಪಕರಣಗಳಿದ್ದುವು. ಗದರಿಕೆಯು ಮಾತ್ರ ಅತಿ ವಿರಳವಾಗಿತ್ತು. ಆ ಮೂರು ವರ್ಷಗಳ ದಿನಚರಿಯಿಂದ ಹುಟ್ಟಿದುವು ಎಳೆಯ ಮಕ್ಕಳ ಬುದ್ಧಿವಿಕಾಸವನ್ನು ಕುರಿತ ಗ್ರಂಥ (1930) ಮತ್ತು ಅವರ ಸಾಮಾಜಿಕ ವಿಕಾಸವನ್ನು ಕುರಿತ ಗ್ರಂಥ (1933).

ಗ್ರಂಥಕರ್ತ್ರಿಯು ತಮಗೆ ತಾವೇ ವಿಧಿಸಿಕೊಂಡ ನಿಯಮ ಸರಳವಾದುದು. ಮಗುವು ಆಡಿದ ಮಾತು, ಮಾಡಿದ ಕೆಲಸ, ಇವನ್ನು ಆದಷ್ಟು ಯಥಾವತ್ತಾಗಿ ಬರೆಯಬೇಕು. ಬರೆಯುವವರ ಗುಣದೋಷನಿರ್ಣಯವು ಅದರಲ್ಲಿ ಬೆರೆಯಬಾರದು. ಇದು ನೈಯಾಯಿಕರು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಎಳೆದ ಗೆರೆಯೇ ಹೊರತು ಬೇರೆಯಲ್ಲ. ಹೊಗೆಯನ್ನು ಕಂಡವನು ಬೆಂಕಿಯನ್ನು ಊಹಿಸಲಿ. ಬೆಂಕಿಯನ್ನೇ ಕಂಡೆನೆಂದು ಬರೆಯದಿರಲಿ. "ಮಗು ಅತ್ತಿತು" ಎಂಬುದು ಪ್ರತ್ಯಕ್ಷ. "ಹಠದಿಂದ ಅತ್ತಿತು" ಎಂಬುದು ಅನುಮಾನ. ಅದೂ ಎಷ್ಟೋ ವೇಳೆ ಹೇತ್ವಾಭಾಸದಿಂದ ಕೆಟ್ಟ ಅನುಮಾನ.

ಈ ನಿಯಮದ ಫಲವನ್ನು ಕಾಣಲು ಮೊಲದ ಪ್ರಸಂಗವೊಂದೇ ಸಾಕು. 1925ರ ಜುಲೈ ತಿಂಗಳಲ್ಲಿ ಶಾಲೆಯ ಮೊಲವೊಂದು ಸತ್ತಿತು. ಅದರ ಹೊಟ್ಟೆಯು ಏರಿಳಿಯದಿರುವುದನ್ನು ಒಬ್ಬ ಬಾಲಕನು ಗುರುತಿಸಿದನು. ನೀರಿನಲ್ಲಿ ಹಾಕಿದರೆ ಬದುಕುವುದೆಂದು ತನ್ನ ತಂದೆ ಹೇಳಿರುವುದಾಗಿ ಮತ್ತೊಬ್ಬನು ತಿಳಿಸಿದನು. ಹಾಗೆಯೇ ಮಾಡಿ ನೋಡಿದರು. ಮೊಲವು ನೀರಿನ ಮೇಲೆ ಸುತ್ತತೊಡಗಿತು. ಚಲಿಸುತ್ತಿರುವುದರಿಂದ ಅದಕ್ಕೆ ಜೀವವಿದೆಯೆಂದು ಒಂದು ಮಗು ವಾದಿಸಿತು. ಆಗ ಐಸಾಕ್ಸರು ಉಪದೇಶವನ್ನು ಮಾಡಲಿಲ್ಲ. ಒಂದು ಸಣ್ಣ ಕಡ್ಡಿಯನ್ನು ನೀರಿಗೆ ಹಾಕಿದರು. ಅದೂ ಸುತ್ತಿತು. ಕಡ್ಡಿಗೆ ಜೀವವಿಲ್ಲವೆಂಬುದನ್ನು ಮಕ್ಕಳೇ ಒಪ್ಪಿಕೊಂಡರು. ಮೊಲವನ್ನು ಹೂಳಿದ್ದಾಯಿತು. ಮರುದಿನ ಅದು ಆಕಾಶಕ್ಕೆ ಹೋಗಿರುವುದೆಂಬ ಮಾತು ಹುಟ್ಟಿತು. ಮಕ್ಕಳು ಅಗೆಯತೊಡಗಿ ನಡುವೆ ಬಿಟ್ಟರು. ಇದೆಯೋ ಇಲ್ಲವೋ ನೋಡೋಣವೆಂದು ಐಸಾಕ್ಸರೂ ಕೈಹಚ್ಚಿದರು. ಮೊಲವು ಅಲ್ಲಿಯೇ ಇತ್ತು.

ಇದನ್ನೇ ಸಾಮಾನ್ಯ ವರದಿಗಾರನು ಬರೆದಿದ್ದರೆ "ಮಕ್ಕಳು ಮರಣದ ವಿಷಯದಲ್ಲಿ ಕುತೂಹಲವನ್ನು ತೋರಿಸಿದರು" ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದನು. ಆ ವಾಕ್ಯವು ಸುಳ್ಳಲ್ಲ. ಆದರೆ ಅದರಲ್ಲಿ ಮಕ್ಕಳೇ ಇಲ್ಲ. ತಂದೆಯ ಮಾತನ್ನು ನಂಬಿದವನು, ಚಲನೆಯನ್ನೇ ಜೀವಲಕ್ಷಣವೆಂದು ತರ್ಕಿಸಿದವನು, ಅಗೆಯುವುದನ್ನು ನಡುವೆ ನಿಲ್ಲಿಸಿದವನು, ಇವರೆಲ್ಲರೂ "ಕುತೂಹಲ"ವೆಂಬ ಒಂದು ಪದದ ಕೆಳಗೆ ಹೂತುಹೋಗುತ್ತಿದ್ದರು.

ಇದೇ ವಿಧಾನವು ಒಂದು ದೊಡ್ಡ ಸಿದ್ಧಾಂತವನ್ನೂ ಪ್ರಶ್ನಿಸುವುದಕ್ಕೆ ಸಾಧನವಾಯಿತು. ಸ್ವಿಟ್ಸರ್ಲೆಂಡಿನ ಪಿಯಾಜೆ ಪಂಡಿತರು ಮಕ್ಕಳಿಗೆ ಪ್ರಶ್ನೆಗಳನ್ನು ಹಾಕಿ, ಯಂತ್ರಗಳ ಕಾರ್ಯಕಾರಣಸಂಬಂಧವು ಅವರಿಗೆ ಎಂಟೊಂಬತ್ತು ವಯಸ್ಸಿಗೆ ಮೊದಲು ತಿಳಿಯದೆಂದು ಹೇಳುತ್ತಿದ್ದರು. ಅವರು ಈ ಶಾಲೆಯನ್ನು ನೋಡಲು ಬಂದಿದ್ದಾಗ ಆರು ವರ್ಷ ತುಂಬದ ಹುಡುಗನೊಬ್ಬನು ಮೂರು ಗಾಲಿಯ ಸೈಕಲ್ಲಿನ ಮೇಲೆ ಕುಳಿತು ಹಿಮ್ಮುಖವಾಗಿ ತುಳಿಯುತ್ತಿದ್ದನು. ಅದು ಮುಂದಕ್ಕೆ ಹೋಗುವುದು ಹೇಗೆಂದು ಐಸಾಕ್ಸರು ಕೇಳಲು, ಕಾಲಿನಿಂದ ಪೆಡಲಿಗೆ, ಪೆಡಲಿನಿಂದ ಸರಪಣಿಗೆ, ಸರಪಣಿಯಿಂದ ಗಾಲಿಗೆ ಚಲನೆಯು ಸಾಗುವ ಕ್ರಮವನ್ನು ಅವನು ತಪ್ಪಿಲ್ಲದೆ ವಿವರಿಸಿದನು. ಒಬ್ಬ ಬಾಲಕನಿಂದ ಸಿದ್ಧಾಂತವು ಬಿದ್ದುಹೋಗದು, ದಿಟ. ಆದರೆ ಕೊಠಡಿಯಲ್ಲಿ ಕುಳ್ಳಿರಿಸಿ ಕೇಳಿದಾಗ ತಿಳಿಯದೆನ್ನುವ ಮಗುವು ತನ್ನ ಆಟದ ನಡುವೆ ತಿಳಿದುದನ್ನು ತೋರಬಹುದೆಂಬುದು ಸ್ಥಿರಪಟ್ಟಿತು.

ವೀಕ್ಷಣೆಗೆ ಬೇರೆ ಮಾರ್ಗಗಳೂ ಉಂಟು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಮಿಲ್ಡ್ರೆಡ್ ಪಾರ್ಟನ್ ಎಂಬಾಕೆಯು ಒಂದೊಂದು ಮಗುವನ್ನು ಒಂದೊಂದು ನಿಮಿಷ ನೋಡಿ, ಅದು ಒಂಟಿಯಾಗಿ ಆಡುತ್ತಿದೆಯೋ, ಪಕ್ಕದಲ್ಲಿದ್ದೂ ಬೇರೆಯಾಗಿ ಆಡುತ್ತಿದೆಯೋ, ಕೂಡಿ ಆಡುತ್ತಿದೆಯೋ ಎಂದು ಆರು ವರ್ಗಗಳಲ್ಲಿ ಗುರುತಿಸಿ 1932ರಲ್ಲಿ ಪ್ರಕಟಿಸಿದರು. ಈ ಎಣಿಕೆಯಿಂದ ಪಕ್ಷಪಾತವು ತಗ್ಗುತ್ತದೆ, ಹೋಲಿಕೆಯು ಸಾಧ್ಯವಾಗುತ್ತದೆ. ಆದರೆ ದೂರದಲ್ಲಿ ನಿಂತು ನೋಡುವ ಮಗುವು ಅಂಜಿ ನಿಂತಿತೋ, ಆಟದ ಕ್ರಮವನ್ನು ಕಲಿಯುತ್ತ ನಿಂತಿತೋ, ಅದನ್ನು ಎಣಿಕೆಯು ಹೇಳಲಾರದು. ಒಂದು ಮಾರ್ಗವು ಮತ್ತೊಂದಕ್ಕೆ ಪೂರಕವೇ ಹೊರತು ಪ್ರತಿನಿಧಿಯಲ್ಲ.

ಐಸಾಕ್ಸರ ಕೃತಿಗಳು ನಿರ್ದೋಷವೇನಲ್ಲ. ಅಲ್ಲಿದ್ದವರು ವಿದ್ಯಾವಂತ ಮನೆತನಗಳ ಕೆಲವೇ ಮಕ್ಕಳು. ಅವರಿಂದ ಸಮಸ್ತ ಶಿಶುಲೋಕವನ್ನು ಅಳೆಯಲಾಗದು. ಎರಡನೆಯ ಗ್ರಂಥದಲ್ಲಿ ಮಕ್ಕಳ ಪ್ರೀತಿದ್ವೇಷಗಳಿಗೆ ಮನೋವಿಶ್ಲೇಷಣ ಶಾಸ್ತ್ರದ ಮೂಲಕ ಕೊಡುವ ಅರ್ಥಗಳು ಕೆಲವೆಡೆ ಪ್ರಸಂಗಕ್ಕಿಂತ ಭಾರವಾಗಿವೆ. ಆದರೂ ದಾಖಲೆಯು ವ್ಯಾಖ್ಯಾನದಿಂದ ಬೇರ್ಪಟ್ಟಿರುವುದರಿಂದ ವ್ಯಾಖ್ಯಾನವನ್ನು ತಳ್ಳಿದ ವಾಚಕನಿಗೂ ಮೂಲವು ಉಳಿಯುತ್ತದೆ. ಇನ್ನೊಂದು ಗುಣವೂ ಗಮನಾರ್ಹವಾದುದು. ಗ್ರಂಥಕರ್ತ್ರಿಯು ತಮ್ಮನ್ನೂ ದಾಖಲೆಯೊಳಗೆ ಒಬ್ಬ ಪಾತ್ರವನ್ನಾಗಿ ಬರೆದುಕೊಂಡಿದ್ದಾರೆ. ಕಡ್ಡಿಯನ್ನು ಹಾಕಿದವರು ಯಾರು, ಅಗೆಯಲು ಹುರಿದುಂಬಿಸಿದವರು ಯಾರು ಎಂಬುದು ಮುಚ್ಚಿಟ್ಟಿಲ್ಲ.

ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನೂ ಒಬ್ಬ ಶಿಶುವೀಕ್ಷಕನೇ. ಸಿಂಹದ ಮರಿಯನ್ನು ಹಿಡಿದೆಳೆಯುವ ಸರ್ವದಮನನನ್ನು ಅವನು ಮರೆಯಲ್ಲಿ ನಿಂತು ನೋಡುತ್ತಾನೆ. ಆಟಿಕೆಗಾಗಿ ಚಾಚಿದ ಕೈಯಲ್ಲಿ ಚಕ್ರವರ್ತಿಲಕ್ಷಣವನ್ನು ಕಾಣುತ್ತಾನೆ. ಅವನ ಹೃದಯವು ಬಯಸಿದುದೂ ಕಣ್ಣು ಕಂಡುದೂ ಒಂದಾದುವು. ಅಲ್ಲಿ ಹಾಗೆ ಹೊಂದಿಸಿಟ್ಟವನು ಕಾಳಿದಾಸನು. ಶಿಶುಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಹಾಗೆ ಹೊಂದಿಸಿಡುವ ಕವಿಯಿಲ್ಲ. ಬಯಕೆಯೂ ಭಯವೂ ಕಣ್ಣನ್ನು ವಂಚಿಸಿದರೆ ಅದರ ನಷ್ಟವು ಮಗುವಿಗೆ.

ನಾಲ್ಕು ವರ್ಷದ ಕೂಸನ್ನು ಮನೆಯವರು "ಮೊದ್ದು" ಎಂದೋ "ಹಠಮಾರಿ" ಎಂದೋ ಕರೆದ ಮಾತು ಆ ಕೂಸಿನ ಕೈಹಿಡಿದುಕೊಂಡೇ ಪಾಠಶಾಲೆಗೆ ಹೋಗುತ್ತದೆ. ಉಪಾಧ್ಯಾಯರು ಮಗುವಿಗಿಂತ ಮೊದಲು ಆ ವಿಶೇಷಣವನ್ನು ನೋಡುತ್ತಾರೆ. ಅದಕ್ಕೆ ಪ್ರತಿಯಾಗಿ ತಾಯಿಯೋ ಅಜ್ಜಿಯೋ ದಿನಕ್ಕೆ ನಾಲ್ಕು ಪಂಕ್ತಿಗಳನ್ನು, ಮಗು ಏನು ಮಾಡಿತು, ಏನೆಂದಿತು, ಅದಕ್ಕೆ ಮೊದಲು ಏನು ನಡೆದಿತ್ತು ಎಂದಷ್ಟೇ ಬರೆದಿಟ್ಟರೆ, ತಿಂಗಳ ಕೊನೆಗೆ ಎಷ್ಟೋ ವಿಶೇಷಣಗಳು ತಾವಾಗಿಯೇ ಕಳಚಿಬೀಳುವುವು. ಸ್ವಭಾವೋಕ್ತಿಯು ಅಲಂಕಾರವೋ ಅಲ್ಲವೋ, ಆ ವಿವಾದವು ಪಂಡಿತರಿಗಿರಲಿ. ಮಗುವಿನ ವಿಷಯದಲ್ಲಿ ಅದು ನ್ಯಾಯ.